ಹಾಡು ತಾಳಕ್ಕೆ ಕೂರುತ್ತಿಲ್ವಾ? ಮನೆ ರೆಕಾರ್ಡಿಂಗ್‌ನ ಟೈಮಿಂಗ್ ಸರಿ ಮಾಡುವ ಬಗೆ

ಮನೆಯಲ್ಲೇ ಒಂದು ಭಾವಗೀತೆ ರೆಕಾರ್ಡ್ ಮಾಡಿದ್ದೀರಿ ಅಂದುಕೊಳ್ಳಿ. ಗಿಟಾರ್, ತಬಲಾ, ಹಾಡು, ಪಲ್ಲವಿಗೆ ಇಬ್ಬರ ಕೋರಸ್. ಒಂದೊಂದೇ ಟ್ರ್ಯಾಕ್ ಕೇಳಿದರೆ ಎಲ್ಲವೂ ಚೆನ್ನಾಗಿದೆ. ಒಟ್ಟಿಗೆ ಪ್ಲೇ ಮಾಡಿದರೆ ಮಾತ್ರ ಏನೋ ಕೂಡುತ್ತಿಲ್ಲ. ಶ್ರುತಿ ಸರಿಯಾಗೇ ಇದೆ, ಆದರೆ ತಬಲಾ ಒಂದು ಕಡೆ ಹೋಗುತ್ತಿದೆ, ಗಿಟಾರ್ ಇನ್ನೊಂದು ಕಡೆ, ಹಾಡುವವರು ಇಬ್ಬರನ್ನೂ ಕಾಯುತ್ತಿರುವ ಹಾಗೆ ಕೇಳಿಸುತ್ತದೆ. ಇದು ಟೈಮಿಂಗ್ ತೊಂದರೆ. ಇದನ್ನು ಸರಿ ಮಾಡಲು ದುಬಾರಿ ಸ್ಟುಡಿಯೋ ಬೇಡ. ತಾಳ್ಮೆ, ಒಂದು ಒಳ್ಳೆ ಹೆಡ್‌ಫೋನ್, ಯಾವುದನ್ನು ಮುಟ್ಟಬಾರದು ಅನ್ನುವ ತಿಳಿವಳಿಕೆ, ಇಷ್ಟಿದ್ದರೆ ಸಾಕು.

ನಾನು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಇಟ್ಟುಕೊಂಡು ಹೇಳುತ್ತೇನೆ. 60 ದಿನ ಪೂರ್ತಿ ಸಾಫ್ಟ್‌ವೇರನ್ನೇ ಬಳಸಿ ನೋಡಬಹುದು, ಆಮೇಲೆ ಸ್ವಂತ ಬಳಕೆಯ ಲೈಸೆನ್ಸ್‌ಗೆ 60 ಡಾಲರ್, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಕೀಗಳನ್ನು ವಿಂಡೋಸ್ ಪ್ರಕಾರ ಹೇಳಿದ್ದೇನೆ, ಮ್ಯಾಕ್‌ನಲ್ಲಿ ಆಲ್ಟ್ ಬದಲು ಆಪ್ಷನ್ ಒತ್ತಿ. ಬೇರೆ ಸಾಫ್ಟ್‌ವೇರ್ ಇರುವವರಿಗೆ ಕೊನೆಯ ಹತ್ತಿರ ಸ್ವಲ್ಪ ಬರೆದಿದ್ದೇನೆ. ಕೆಲಸದ ದಾರಿ ಎಲ್ಲದರಲ್ಲೂ ಒಂದೇ.

ಆ ದಾರಿ ಇಷ್ಟೇ: ಮೊದಲು ಜರುಗಿಸಿ ನೋಡಿ. ಅದರಿಂದ ಆಗದಿದ್ದರೆ ಕತ್ತರಿಸಿ ಜರುಗಿಸಿ. ಅದೂ ಆಗದಿದ್ದರೆ ಮಾತ್ರ ಎಳೆಯಿರಿ, ಅಂದರೆ ಸ್ಟ್ರೆಚ್ ಮಾಡಿ. ತುಂಬಾ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲ ದಿನವೇ ಎಲ್ಲಾ ಟ್ರ್ಯಾಕ್ ಸೆಲೆಕ್ಟ್ ಮಾಡಿ ಕ್ವಾಂಟೈಜ್ ಒತ್ತಿಬಿಡುತ್ತಾರೆ, ಅಂದರೆ ಪ್ರತಿ ಪೆಟ್ಟನ್ನೂ ಸಾಫ್ಟ್‌ವೇರೇ ತಾಳದ ಗೆರೆಗೆ ಕೂರಿಸಲಿ ಅಂತ ಬಿಡುತ್ತಾರೆ. ಆಮೇಲೆ ಹಾಡಿಗೆ ಜೀವ ಇಲ್ಲ ಅಂತ ರಿವರ್ಬ್ ಜಾಸ್ತಿ ಮಾಡುತ್ತಾ ಕೂರುತ್ತಾರೆ.

ನುಡಿಸಿದವರು ತಪ್ಪಿದ್ದಾರಾ, ಕಂಪ್ಯೂಟರ್ ತಪ್ಪಿದೆಯಾ?

ಎಡಿಟ್ ಶುರು ಮಾಡುವ ಮೊದಲು ಇದನ್ನು ತಿಳಿದುಕೊಳ್ಳಲೇಬೇಕು. ಒಂದು ಟ್ರ್ಯಾಕ್ ಶುರುವಿನಿಂದ ಕೊನೆತನಕ ಒಂದೇ ಅಳತೆಯಲ್ಲಿ ಹಿಂದೆ ಬಿದ್ದಿದ್ದರೆ ಅದು ನುಡಿಸಿದವರ ತಪ್ಪಲ್ಲ, ಲೇಟೆನ್ಸಿ, ಅಂದರೆ ಯಂತ್ರದಿಂದ ಆಗುವ ತಡ. ಕಂಪ್ಯೂಟರ್ ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ಸದ್ದು) ಕಳಿಸುತ್ತದೆ, ಅದು ಇಂಟರ್‌ಫೇಸ್ (ಮೈಕ್, ಹೆಡ್‌ಫೋನ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ದಾಟಿ ಹೆಡ್‌ಫೋನ್‌ಗೆ ಬರುತ್ತದೆ, ನೀವು ಅದಕ್ಕೆ ಸರಿಯಾಗಿ ನುಡಿಸುತ್ತೀರಿ, ಆ ಸದ್ದು ಮತ್ತೆ ಇಂಟರ್‌ಫೇಸ್ ದಾಟಿ ಒಳಗೆ ಹೋಗುತ್ತದೆ. ಎರಡೂ ಕಡೆ ಸ್ವಲ್ಪ ಸ್ವಲ್ಪ ತಡ. 48,000 ಸ್ಯಾಂಪಲ್ ರೇಟ್‌ನಲ್ಲಿ (ಸೆಕೆಂಡಿಗೆ ಸದ್ದಿನ ಅಷ್ಟು ಅಳತೆ) ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಅಳತೆಗಳ ಗುಂಪು) 256 ಇದ್ದರೆ ಒಂದು ಬಫರ್ ಅಂದರೆ ಸುಮಾರು 5.3 ಮಿಲಿಸೆಕೆಂಡ್, 1024 ಇದ್ದರೆ 21 ದಾಟುತ್ತದೆ. ಸಾಫ್ಟ್‌ವೇರ್ ಇದನ್ನು ಲೆಕ್ಕ ಹಾಕಿ ರೆಕಾರ್ಡಿಂಗನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಆದರೆ ಡ್ರೈವರ್ (ಇಂಟರ್‌ಫೇಸ್ ನಡೆಸುವ ಸಾಫ್ಟ್‌ವೇರ್) ಹೇಳುವ ಲೆಕ್ಕ ಎಲ್ಲ ಸಲ ಸರಿಯಿರುವುದಿಲ್ಲ.

ಪರೀಕ್ಷೆ ಸುಲಭ. ಒಂದು ಟ್ರ್ಯಾಕ್‌ನಲ್ಲಿ ಕ್ಲಿಕ್ ಸದ್ದಿನ ಫೈಲ್ ಹಾಕಿ. ಹೆಡ್‌ಫೋನ್‌ನ ಒಂದು ಕಿವಿಯನ್ನು ಮೈಕ್‌ಗೆ ಒತ್ತಿ ಹಿಡಿದು, ಇನ್ನೊಂದು ಟ್ರ್ಯಾಕ್‌ಗೆ ಅದನ್ನೇ ರೆಕಾರ್ಡ್ ಮಾಡಿ. ಈಗ ಎರಡನ್ನೂ ಚೆನ್ನಾಗಿ ಝೂಮ್ ಮಾಡಿ ಹೋಲಿಸಿ. ಎರಡು ಕ್ಲಿಕ್‌ಗಳೂ ಒಂದರ ಕೆಳಗೆ ಒಂದು ನೇರವಾಗಿ ನಿಂತಿದ್ದರೆ ಎಲ್ಲ ಸರಿ. ರೆಕಾರ್ಡ್ ಆದದ್ದು ಬಲಕ್ಕೆ ಇದ್ದರೆ ಎಷ್ಟು ಇದೆ ಅಂತ ಅಳೆದು, ಪ್ರಿಫರೆನ್ಸಸ್ ಒಳಗೆ ಆಡಿಯೋ, ಅದರೊಳಗೆ ರೆಕಾರ್ಡಿಂಗ್ ಅಂತ ಇರುವ ಪುಟದಲ್ಲಿ ಮ್ಯಾನ್ಯುಯಲ್ ಆಫ್‌ಸೆಟ್ ಜಾಗಕ್ಕೆ ಆ ಸಂಖ್ಯೆ ಹಾಕಿ, ಮತ್ತೊಮ್ಮೆ ಪರೀಕ್ಷೆ ಮಾಡಿ. ಇನ್ನು ಮುಂದಿನ ರೆಕಾರ್ಡಿಂಗ್‌ಗಳೆಲ್ಲ ತಾವಾಗೇ ಸರಿ ಜಾಗಕ್ಕೆ ಬೀಳುತ್ತವೆ. ಈಗಾಗಲೇ ರೆಕಾರ್ಡ್ ಆಗಿರುವ ಟ್ರ್ಯಾಕನ್ನು ಇಡಿಯಾಗಿ ಅಷ್ಟೇ ಎಡಕ್ಕೆ ಜರುಗಿಸಿ. ಕೆಲವು ಸಲ ಇಡೀ ಹಾಡಿನ ತೊಂದರೆ ಇಷ್ಟರಲ್ಲೇ ಮುಗಿದುಹೋಗುತ್ತದೆ.

ರೆಕಾರ್ಡ್ ಮಾಡುವಾಗ ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ಅದರಲ್ಲಿ ಸದ್ದು ಕಿವಿಗೆ ಬರುವಷ್ಟರಲ್ಲಿ ನೂರು ಮಿಲಿಸೆಕೆಂಡ್‌ಗಿಂತ ಜಾಸ್ತಿ ತಡ ಆಗುವುದು ಮಾಮೂಲಿ, ಆ ತಡ ಸಾಫ್ಟ್‌ವೇರ್‌ಗೆ ಗೊತ್ತೂ ಆಗುವುದಿಲ್ಲ.

ಇನ್ನೊಂದು ಬಗೆಯ ತೊಂದರೆ: ಗೆಳೆಯರು ಬೇರೆ ಊರಿನಿಂದ ಫೋನ್‌ನಲ್ಲೋ ಬೇರೆ ರೆಕಾರ್ಡರ್‌ನಲ್ಲೋ ನುಡಿಸಿ ಕಳಿಸಿದ್ದಾರೆ, ಶುರು ಸರಿಯಿದೆ, ಚರಣಕ್ಕೆ ಬರುವಷ್ಟರಲ್ಲಿ ನಿಧಾನಕ್ಕೆ ಜಾರುತ್ತಿದೆ. ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ, ಅದಕ್ಕೆ ಹೀಗಾಗುತ್ತದೆ. ಇಲ್ಲಿ ಎಲ್ಲೂ ಕತ್ತರಿಸಬೇಡಿ. ಶುರುವನ್ನು ಕೂಡಿಸಿಕೊಂಡು, ಆಲ್ಟ್ ಹಿಡಿದು ಐಟಂನ (ಟ್ರ್ಯಾಕ್ ಮೇಲೆ ಕಾಣುವ ರೆಕಾರ್ಡಿಂಗ್ ತುಂಡಿನ) ಬಲ ಅಂಚನ್ನು ಎಳೆದು ಕೊನೆಯ ಪೆಟ್ಟನ್ನೂ ಕೂಡಿಸಿ. ಎಳೆತ ತುಂಬಾ ಚಿಕ್ಕದು, ಕಿವಿಗೆ ಗೊತ್ತಾಗುವುದಿಲ್ಲ. ಆದರೆ ಟ್ರ್ಯಾಕ್ ಬೇಗ ಮುಗಿಯುವುದರ ಜೊತೆಗೆ ಶ್ರುತಿಯೂ ಒಂದೂವರೆ ಸ್ವರಸ್ಥಾನದಷ್ಟು ಮೇಲೆ ಹೋಗಿದ್ದರೆ ಅದು ಜಾರಿಕೆ ಅಲ್ಲ, 44,100ರಲ್ಲಿ ಆದ ರೆಕಾರ್ಡಿಂಗ್ ಎಲ್ಲೋ 48,000 ಅಂತ ಓಡುತ್ತಿದೆ. ಅದನ್ನು ಸ್ಟ್ರೆಚ್ ಮಾಡಿ ಸರಿ ಮಾಡಲು ಹೋಗಬೇಡಿ, ಮೂಲ ಫೈಲನ್ನೇ ಮತ್ತೆ ತರಿಸಿಕೊಳ್ಳಿ. ತರಿಸುವಾಗ ವೇವ್ ಫೈಲ್ ಕೇಳಿ. ಎಂಪಿ3 ಮಾಡುವಾಗ ಶುರುವಿಗೆ ಒಂದಿಷ್ಟು ಖಾಲಿ ಜಾಗ ಸೇರಿಕೊಳ್ಳುತ್ತದೆ, ಅದೂ ಟೈಮಿಂಗ್ ಕೆಡಿಸುತ್ತದೆ.

ಗ್ರಿಡ್ ಹಾಡಿನ ಮಾತು ಕೇಳಬೇಕು

ಕ್ಲಿಕ್ ಇಟ್ಟುಕೊಂಡು ರೆಕಾರ್ಡ್ ಮಾಡಿದ್ದರೆ ಬೀಟ್‌ಗಳನ್ನು ತೋರಿಸುವ ಗ್ರಿಡ್ ಗೆರೆಗಳು ಆಗಲೇ ಸರಿಯಾಗಿರುತ್ತವೆ, ಈ ಭಾಗ ಬಿಟ್ಟು ಮುಂದೆ ಹೋಗಿ. ಆದರೆ ನಮ್ಮಲ್ಲಿ ಎಷ್ಟೋ ಜನ ಕ್ಲಿಕ್ ಇಲ್ಲದೆ ನುಡಿಸುತ್ತಾರೆ, ಅದು ತಪ್ಪೇನಲ್ಲ. ಚರಣದಲ್ಲಿ ಲಯ ಒಂಚೂರು ಮುಂದೆ ಹೋಗುವುದು, ಪಲ್ಲವಿಗೆ ಮರಳುವಾಗ ಒಂಚೂರು ತಡೆದು ಬರುವುದು ಹಾಡಿನದೇ ಉಸಿರು. ಅದನ್ನು ಒಂದೇ ಟೆಂಪೋಗೆ ಒಗ್ಗಿಸುವ ಬದಲು ಗ್ರಿಡ್ಡನ್ನೇ ಹಾಡಿಗೆ ಒಗ್ಗಿಸಿ.

ಮೊದಲು ಆಲ್ಟ್ ಜೊತೆ ಎಂಟರ್ ಒತ್ತಿ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆದು, ಐಟಂಗಳ ಟೈಮ್‌ಬೇಸ್ ಅನ್ನುವುದನ್ನು 'ಟೈಮ್'ಗೆ ಬದಲಿಸಿ. ಇದನ್ನು ಮರೆತರೆ ಟೆಂಪೋ ಬದಲಿಸಿದಾಗಲೆಲ್ಲ ರೆಕಾರ್ಡಿಂಗ್ ಕೂಡ ಅದರ ಜೊತೆ ಹಿಗ್ಗಿ ಕುಗ್ಗಿ ಎಲ್ಲವೂ ಕಲಸಿಹೋಗುತ್ತದೆ. ಆಮೇಲೆ ತಬಲಾ ಟ್ರ್ಯಾಕ್ ನೋಡುತ್ತಾ ಪ್ರತಿ ಆವರ್ತನದ (ತಾಳದ ಒಂದು ಸುತ್ತಿನ) ಸಮದ, ಅಂದರೆ ಮೊದಲ ಮಾತ್ರೆಯ, ಪೆಟ್ಟಿನ ಹತ್ತಿರ ಕರ್ಸರ್ ತಂದು ಶಿಫ್ಟ್ ಜೊತೆ ಸಿ ಒತ್ತಿ ಟೆಂಪೋ ಮಾರ್ಕರ್ ಹಾಕಿ, ಗ್ರಿಡ್‌ನ ಮೊದಲ ಗೆರೆ ಆ ಪೆಟ್ಟಿಗೆ ಬರುವ ಹಾಗೆ ಟೆಂಪೋ ಹೊಂದಿಸಿ. ಪ್ರತಿ ಮಾತ್ರೆಗೂ ಮಾರ್ಕರ್ ಹಾಕಬೇಡಿ. ಹಾಗೆ ಹಾಕಿದರೆ ನುಡಿಸಿದವರ ತಪ್ಪುಗಳೂ ಗ್ರಿಡ್ ಆಗಿಬಿಡುತ್ತವೆ, ಆಮೇಲೆ ಸರಿ ಮಾಡಲು ಏನೂ ಕಾಣುವುದಿಲ್ಲ. ಆವರ್ತನಕ್ಕೊಂದು, ಲಯ ನಿಂತ ನೀರಿನ ಹಾಗಿದ್ದರೆ ಎರಡು ಆವರ್ತನಕ್ಕೊಂದು ಸಾಕು.

ಗ್ರಿಡ್ ಎಷ್ಟು ಸಣ್ಣದಿರಬೇಕು ಅಂತ ಕೇಳಿದರೆ, ನೀವು ಕೇಳುತ್ತಿರುವ ಅತಿ ಸಣ್ಣ ಪೆಟ್ಟಿನಷ್ಟು. ಹಾಡು 80 ಬಿಪಿಎಂನಲ್ಲಿದ್ದರೆ (ನಿಮಿಷಕ್ಕೆ 80 ಬೀಟ್) ಒಂದು ಬೀಟ್ 750 ಮಿಲಿಸೆಕೆಂಡ್, ಅರ್ಧ ಬೀಟ್ 375, ಕಾಲು ಬೀಟ್ 187.5. ಈ ಸಂಖ್ಯೆಗಳನ್ನು ಒಂದು ಸಲ ಲೆಕ್ಕ ಹಾಕಿ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಅಂದರೆ 20 ಮಿಲಿಸೆಕೆಂಡ್ ವ್ಯತ್ಯಾಸ ಎಷ್ಟು ಚಿಕ್ಕದು, 60 ಎಷ್ಟು ದೊಡ್ಡದು ಅನ್ನುವುದು ಅಂದಾಜಿಗೆ ಸಿಗುತ್ತದೆ. ನನ್ನ ಲೆಕ್ಕ ಹೀಗಿದೆ: ತಬಲಾಕ್ಕೂ ಗಿಟಾರ್‌ಗೂ 10 ಮಿಲಿಸೆಕೆಂಡ್ ಒಳಗಿನ ವ್ಯತ್ಯಾಸ ಇದ್ದರೆ ಮುಟ್ಟುವುದಿಲ್ಲ. 30 ದಾಟಿದರೆ ಒಂದು ಪೆಟ್ಟು ಎರಡು ಪೆಟ್ಟಾಗಿ ಕೇಳಿಸಲು ಶುರುವಾಗುತ್ತದೆ, ಅಲ್ಲಿ ಕೈ ಹಾಕಲೇಬೇಕು. ನಡುವಿನದ್ದನ್ನು ಕಿವಿ ತೀರ್ಮಾನಿಸಲಿ.

ತಬಲಾದಿಂದ ಶುರು ಮಾಡಿ

ಯಾವ ವಾದ್ಯ ಲಯ ಹಿಡಿದಿದೆಯೋ ಅದನ್ನು ಮೊದಲು ಸರಿ ಮಾಡಬೇಕು, ಉಳಿದದ್ದನ್ನು ಅದಕ್ಕೆ ಕೂಡಿಸಬೇಕು. ಇಲ್ಲಿ ತಬಲಾ. ಅದಕ್ಕೂ ಮೊದಲು ಮೂಲ ಟ್ರ್ಯಾಕ್‌ನ ಒಂದು ಕಾಪಿ ಮಾಡಿ ಮ್ಯೂಟ್ ಮಾಡಿ ಪಕ್ಕಕ್ಕೆ ಇಡಿ. ಎಡಿಟ್ ಮಾಡಿದ್ದು ನಿಜವಾಗಿ ಚೆನ್ನಾಯಿತಾ ಅಂತ ಹೋಲಿಸಲು ಅದು ಬೇಕೇ ಬೇಕು.

ಬಲಗೈ ತಬಲಾಕ್ಕೆ ಒಂದು ಮೈಕ್, ಎಡಗೈಯ ಡಗ್ಗಾಕ್ಕೆ ಒಂದು ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದರೆ ಎರಡು ಐಟಂಗಳನ್ನೂ ಸೆಲೆಕ್ಟ್ ಮಾಡಿ ಜಿ ಒತ್ತಿ ಗ್ರೂಪ್ ಮಾಡಿ. ಒಂದನ್ನು ಬಿಟ್ಟು ಇನ್ನೊಂದನ್ನು ಯಾವತ್ತೂ ಜರುಗಿಸಬೇಡಿ. ಎರಡೂ ಮೈಕ್‌ಗಳಲ್ಲಿ ಎರಡೂ ಸದ್ದು ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ಒಂದು ಮಾತ್ರ ಜರುಗಿದರೆ ಪೆಟ್ಟು ಟೊಳ್ಳಾಗುತ್ತದೆ, ಡಗ್ಗಾದ ಗುಂಗು ಸಣ್ಣದಾಗುತ್ತದೆ. ಗಿಟಾರ್ ಮತ್ತು ಹಾಡನ್ನು ಒಂದೇ ಕೋಣೆಯಲ್ಲಿ ಒಟ್ಟಿಗೆ ರೆಕಾರ್ಡ್ ಮಾಡಿದ್ದರೂ ಇದೇ ನಿಯಮ.

ಈಗ ಹಾಡು ಪ್ಲೇ ಮಾಡಿ, ಸ್ಕ್ರೀನ್ ನೋಡದೆ ಕೇಳಿ. ಕಿವಿ ಎಡವಿದ ಕಡೆಯಲ್ಲೆಲ್ಲ ಎಂ ಒತ್ತಿ ಮಾರ್ಕರ್ ಹಾಕುತ್ತಾ ಹೋಗಿ. ನಿಲ್ಲಿಸಬೇಡಿ, ಪೂರ್ತಿ ಹಾಡು ಮುಗಿಯಲಿ. ಆಮೇಲೆ ಆ ಜಾಗಗಳಿಗೆ ಮಾತ್ರ ಹೋಗಿ. ಕಣ್ಣಿನಿಂದ ತಪ್ಪು ಹುಡುಕಲು ಹೊರಟರೆ ಪ್ರತಿ ಪೆಟ್ಟೂ ತಪ್ಪೇ, ಯಾಕೆಂದರೆ ಮನುಷ್ಯರು ಯಾರೂ ಗೆರೆಯ ಮೇಲೆ ಸರಿಯಾಗಿ ನುಡಿಸುವುದಿಲ್ಲ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಕೆಹರ್ವಾ ತಾಳದ ಠೇಕಾ (ತಬಲಾದಲ್ಲಿ ಆ ತಾಳದ ಮೂಲ ನುಡಿತ): ಧಾ ಗೆ ನ ತಿ, ನ ಕ ಧಿ ನ. ಎರಡನೇ ಭಾಗದ 'ಧಿ' ಸುಮಾರು 35 ಮಿಲಿಸೆಕೆಂಡ್ ಬೇಗ ಬಂದಿದೆ ಅಂದುಕೊಳ್ಳಿ. ಐಟಂ ಸೆಲೆಕ್ಟ್ ಮಾಡಿ ಟ್ಯಾಬ್ ಒತ್ತುತ್ತಾ ಹೋದರೆ ಕರ್ಸರ್ ಒಂದೊಂದೇ ಪೆಟ್ಟಿಗೆ ಜಿಗಿಯುತ್ತದೆ. 'ಧಿ'ಗೆ ಬಂದಾಗ ನಿಲ್ಲಿಸಿ, ಪೆಟ್ಟು ಎದ್ದು ನಿಂತ ಜಾಗಕ್ಕಿಂತ ಮೂರು ನಾಲ್ಕು ಮಿಲಿಸೆಕೆಂಡ್ ಹಿಂದಕ್ಕೆ ಬನ್ನಿ, ಎಸ್ ಒತ್ತಿ ಕತ್ತರಿಸಿ. ಪೆಟ್ಟಿನ ಮೇಲೇ ಕತ್ತರಿಸಿದರೆ ಅದರ ಮೊನೆ ಹೋಗಿಬಿಡುತ್ತದೆ. ಹಾಗೆಯೇ ಮುಂದಿನ 'ನ'ದ ಮುಂಚೆಯೂ ಕತ್ತರಿಸಿ. ಈಗ 'ಧಿ' ಒಂದು ಬೇರೆ ತುಂಡು. ಶಿಫ್ಟ್ ಹಿಡಿದು ಎಳೆದರೆ ಸ್ನ್ಯಾಪ್ ಇಲ್ಲದೆ, ಅಂದರೆ ಗೆರೆಗೆ ತಾನೇ ಅಂಟಿಕೊಳ್ಳದೆ, ಬೇಕಾದಷ್ಟೇ ಜರುಗುತ್ತದೆ. 35 ಪೂರ್ತಿ ಸರಿಸಬೇಡಿ, 25 ಸರಿಸಿ ಕೇಳಿ. ಮುಕ್ಕಾಲು ಭಾಗ ಸರಿಯಾದರೆ ಕಿವಿ ಒಪ್ಪಿಕೊಳ್ಳುತ್ತದೆ, ಕೈಯ ಗುರುತೂ ಉಳಿಯುತ್ತದೆ.

ತುಂಡು ಬಲಕ್ಕೆ ಹೋದದ್ದರಿಂದ ಅದರ ಎಡಕ್ಕೆ ಒಂದು ಖಾಲಿ ಜಾಗ ಬಿತ್ತು. ಇಲ್ಲಿ ತುಂಬಾ ಜನ ಹಿಂದಿನ ತುಂಡಿನ ಬಲ ಅಂಚನ್ನು ಎಳೆದು ಆ ಜಾಗ ಮುಚ್ಚುತ್ತಾರೆ. ಹಾಗೆ ಮಾಡಬೇಡಿ. ಹಿಂದಿನ ತುಂಡಿನ ಬಲಕ್ಕೆ ಅಡಗಿರುವುದು ಏನು? ಅದೇ 'ಧಿ'ಯ ಮೂಲ ಪೆಟ್ಟು. ಅಂಚು ಎಳೆದರೆ ಅದು ಮತ್ತೆ ಹೊರಗೆ ಬರುತ್ತದೆ, 'ಧಿಧಿ' ಅಂತ ಎರಡು ಸಲ ಕೇಳಿಸುತ್ತದೆ. ಅದರ ಬದಲು ಜರುಗಿಸಿದ ತುಂಡಿನ ಎಡ ಅಂಚನ್ನು ಎಡಕ್ಕೆ ಎಳೆಯಿರಿ. ಅಲ್ಲಿ ಅಡಗಿರುವುದು ಹಿಂದಿನ 'ಕ'ದ ಕೊನೆಯ ಗುಂಗು ಮಾತ್ರ. ಅದು ಖಾಲಿ ಜಾಗ ತುಂಬುತ್ತದೆ. ಎರಡು ತುಂಡುಗಳೂ ಒಂದರ ಮೇಲೊಂದು ಐದು ಮಿಲಿಸೆಕೆಂಡ್‌ನಷ್ಟು ಬರುವ ಹಾಗೆ ಬಿಟ್ಟು ಕ್ರಾಸ್‌ಫೇಡ್ ಹಾಕಿ, ಅಂದರೆ ಒಂದರ ಸದ್ದು ಇಳಿಯುತ್ತಾ ಇನ್ನೊಂದರದು ಏರಲಿ. ಆಟೋ ಕ್ರಾಸ್‌ಫೇಡ್ ಆನ್ ಇದ್ದರೆ ತಾನಾಗೇ ಬೀಳುತ್ತದೆ, ಆಲ್ಟ್ ಜೊತೆ ಎಕ್ಸ್ ಒತ್ತಿ ಆನ್ ಮಾಡಿಕೊಳ್ಳಬಹುದು. ಪೆಟ್ಟನ್ನು ಎಡಕ್ಕೆ ಜರುಗಿಸುವಾಗ ಈ ತಲೆನೋವು ಎಡಗಡೆ ಇಲ್ಲ. ಆದರೆ ಆಗ ಬಲಗಡೆ ಜಾಗ ಬೀಳುತ್ತದೆ, ಅಲ್ಲಿಯೂ ಇದೇ ಉಪಾಯ, ಮುಂದಿನ ತುಂಡಿನ ಎಡ ಅಂಚು ಎಳೆಯಿರಿ.

ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸುವ 'ಗೆ' ಇರುತ್ತದಲ್ಲ, ಆ ಜಾರು ನಡೆಯುತ್ತಿರುವಾಗ ನಡುವೆ ಕತ್ತರಿಸಬೇಡಿ. ಸ್ವರ ಮುರಿದ ಹಾಗೆ ಕೇಳಿಸುತ್ತದೆ. 'ತಿರಕಿಟ' ಬಂದರೆ ನಾಲ್ಕು ಅಕ್ಷರವನ್ನೂ ಬೇರೆ ಬೇರೆ ಸರಿ ಮಾಡಲು ಹೋಗದೆ ಇಡೀ ಗುಂಪನ್ನೇ ಒಂದು ತುಂಡಾಗಿ ಜರುಗಿಸಿ. ಅದರೊಳಗಿನ ಏರಿಳಿತ ಆ ಕಲಾವಿದರದ್ದೇ ಕೈ, ಅದನ್ನು ನಾವು ಮುಟ್ಟಬಾರದು. ಇನ್ನು ಪೆಟ್ಟು ಎಲ್ಲಿದೆ ಅಂತ ನೋಡುವಾಗ ಬಲಗೈ ಮೈಕ್‌ನ ಅಲೆಯನ್ನೇ ನೋಡಿ. ಡಗ್ಗಾದ ಅಲೆ ನಿಧಾನಕ್ಕೆ ಏಳುತ್ತದೆ, ಅದರ ತುದಿ ನೋಡಿ ಕೂಡಿಸಿದರೆ ಪೆಟ್ಟು ಬೇಗ ಬಂದುಬಿಡುತ್ತದೆ.

ಗಿಟಾರ್

ಇದು ಬೇಗ ಆಗುತ್ತದೆ. ಗಿಟಾರ್ ಈಗ ಸರಿಯಾದ ತಬಲಾಕ್ಕೆ ಕೂಡಬೇಕು, ಗೆರೆಗಲ್ಲ. ಸ್ಟ್ರಮ್ ಮಾಡಿದಾಗ ಆರು ತಂತಿಗಳಿಗೂ ಒಂದೇ ಸಲ ಪೆಟ್ಟು ಬೀಳುವುದಿಲ್ಲ, ಮೇಲಿನಿಂದ ಕೆಳಗೆ ಹೋಗಲು ಸ್ವಲ್ಪ ಹೊತ್ತು ಬೇಕು. ಹಾಗಾಗಿ ಮೊದಲ ತಂತಿ ತಬಲಾಕ್ಕಿಂತ ಒಂಚೂರು ಮುಂಚೆ, ಕೊನೆಯದು ಒಂಚೂರು ಆಮೇಲೆ ಬಂದರೆ ಕಿವಿಗೆ ಹಿತ. ಕಾರ್ಡ್ ಬದಲಾಗುವ ಜಾಗಗಳಲ್ಲಿ ಕತ್ತರಿಸಿ. ಅಲ್ಲಿ ತಂತಿಯ ಮೇಲೆ ಬೆರಳು ಜಾರುವ ಸದ್ದು ಇರುತ್ತದೆ, ಅದನ್ನು ಮುಂದಿನ ಕಾರ್ಡ್ ಜೊತೆಗೇ ಬಿಡಿ. ಪಲ್ಲವಿ ಮೂರು ಸಲ ಬರುತ್ತದೆ, ಒಂದರಲ್ಲಿ ಗಿಟಾರ್ ಚೆನ್ನಾಗಿ ಕೂತಿದೆ ಅಂದರೆ ಅಲ್ಲಿಯ ಎರಡು ಬಾರ್ ಕಾಪಿ ಮಾಡಿ ಕೆಟ್ಟ ಕಡೆ ಹಾಕುವುದು ಎಷ್ಟೋ ಸಲ ಎಡಿಟ್‌ಗಿಂತ ಚೆನ್ನಾಗಿ ಕೇಳಿಸುತ್ತದೆ.

ಹಾಡು

ಇಲ್ಲಿ ನಿಧಾನ ಬೇಕು. ವಾದ್ಯಕ್ಕೆ ಮಾಡಿದ್ದನ್ನೇ ಹಾಡಿಗೂ ಮಾಡಿದರೆ ಕೆಡುತ್ತದೆ.

ಮೊದಲನೆಯದಾಗಿ, ಗಾಯಕರು ತಡವಾಗಿ ಬಂದದ್ದೆಲ್ಲ ತಪ್ಪಲ್ಲ. ಕರ್ನಾಟಕ ಸಂಗೀತದಲ್ಲಿ ಎಡುಪು (ಸಾಹಿತ್ಯ ಶುರುವಾಗುವ ಜಾಗ) ಸಮದಲ್ಲೇ ಇರಬೇಕೆಂದಿಲ್ಲ. ಅತೀತದಲ್ಲಿ ಸಮಕ್ಕಿಂತ ಮುಂಚೆ, ಅನಾಗತದಲ್ಲಿ ಸಮದ ಆಮೇಲೆ ಶುರು ಮಾಡುತ್ತಾರೆ. ಸುಗಮ ಸಂಗೀತದಲ್ಲೂ ಸಾಲಿನ ಮೊದಲ ಪದವನ್ನು ಒಂಚೂರು ತಡೆದು ಹಾಡಿ ಕೊನೆಗೆ ತಾಳಕ್ಕೆ ಸೇರಿಸುವ ಅಭ್ಯಾಸ ಇದೆ. ಮೂರು ಪಲ್ಲವಿಗಳಲ್ಲೂ ಅದೇ ಪದ ಅಷ್ಟೇ ತಡವಾಗಿ ಬಂದಿದ್ದರೆ ಅದು ಬೇಕೆಂದೇ ಮಾಡಿದ್ದು. ಒಂದರಲ್ಲಿ ಮಾತ್ರ ಬೇರೆ ಇದ್ದರೆ ಅದನ್ನು ನೋಡಿ. ಗಾಯಕರು ಸಿಕ್ಕಿದರೆ ಕೇಳಿಬಿಡುವುದು ಇನ್ನೂ ಒಳ್ಳೆಯದು.

ಎರಡನೆಯದು ಇಡೀ ಬರಹದಲ್ಲಿ ನಾನು ಹೇಳಲೇಬೇಕಾದ ವಿಷಯ. ತಾಳಕ್ಕೆ ಕೂಡಬೇಕಾದ್ದು ವ್ಯಂಜನ ಅಲ್ಲ, ಅದರ ಆಮೇಲೆ ಬರುವ ಸ್ವರಾಕ್ಷರ. 'ಸಂಜೆ' ಅನ್ನುವ ಪದ ಸಮಕ್ಕೆ ಬರಬೇಕು ಅಂತಿಟ್ಟುಕೊಳ್ಳಿ. ಅಲೆ ನೋಡಿದರೆ ಮೊದಲು 'ಸ್' ಅನ್ನುವ ಸಣ್ಣ ಒರಟು ಪಟ್ಟಿ, ನೂರು ಮಿಲಿಸೆಕೆಂಡ್ ಹತ್ತಿರ ಇದ್ದರೂ ಇರಬಹುದು, ಅದಾದ ಮೇಲೆ 'ಅ'ದ ದೊಡ್ಡ ಅಲೆ ಏಳುತ್ತದೆ. ಸಾಫ್ಟ್‌ವೇರ್ 'ಸ್' ಶುರುವನ್ನೇ ಪೆಟ್ಟು ಅಂದುಕೊಂಡು ಗೆರೆಗೆ ತಂದು ಕೂರಿಸುತ್ತದೆ, ಆಗ ನಿಜವಾದ ಅಕ್ಷರ ಅಷ್ಟೂ ಹಿಂದೆ ಬೀಳುತ್ತದೆ. ನೀವು 'ಅ' ಏಳುವ ಜಾಗವನ್ನು ತಬಲಾದ 'ಧಾ'ಗೆ ಕೂಡಿಸಿ, 'ಸ್' ಮುಂಚೆಯೇ ಬರಲಿ. 'ಶ', 'ಹ', 'ಚ' ಇವಕ್ಕೂ ಇದೇ. 'ಮ', 'ನ' ಬಂದಾಗ ಅಲೆ ಮೆತ್ತಗೆ ಏಳುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ಅಲ್ಲಿ ಸುಮ್ನೆ ಕಿವಿ ನಂಬಿ.

ಎಲ್ಲಿ ಕತ್ತರಿಸಬೇಕು? ನಮ್ಮ ಒತ್ತಕ್ಷರಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. 'ಹಕ್ಕಿ' ಅನ್ನುವುದನ್ನು ಝೂಮ್ ಮಾಡಿ ನೋಡಿ. 'ಹ' ಮುಗಿದ ಮೇಲೆ 'ಕಿ' ಸಿಡಿಯುವ ಮುಂಚೆ ಅಲೆ ಪೂರ್ತಿ ಚಪ್ಪಟೆ, ಸದ್ದೇ ಇಲ್ಲ. ಅಲ್ಲಿ ಕತ್ತರಿಸಿ 'ಕಿ'ಯನ್ನು 20-30 ಮಿಲಿಸೆಕೆಂಡ್ ಆಚೀಚೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಸ್ಟ್ರೆಚ್ ಬೇಕಾಗುವುದೇ ಇಲ್ಲ. 'ಅಪ್ಪ', 'ಮುತ್ತು', 'ಹೆಚ್ಚು', ಎಲ್ಲದರಲ್ಲೂ ಈ ಮೌನ ಇದೆ. ಒಂಟಿ 'ಕ', 'ತ', 'ಪ' ಮುಂಚೆಯೂ ಚಿಕ್ಕ ಮೌನ ಇರುತ್ತದೆ, ಆದರೆ ಅಲ್ಲಿ ಹುಷಾರು. ಆ ಮೌನ ಉದ್ದವಾದರೆ 'ಕತೆ' ಹೋಗಿ 'ಕತ್ತೆ' ಆಗುತ್ತದೆ. ಹಾಗೆಯೇ ಹ್ರಸ್ವ ಸ್ವರವನ್ನು ಜಾಸ್ತಿ ಎಳೆದರೆ 'ಬಳೆ' 'ಬಾಳೆ'ಯಾಗುತ್ತದೆ. ಬೇರೆ ಭಾಷೆಯ ವಿಡಿಯೋಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಕನ್ನಡ ಹಾಡು ಎಡಿಟ್ ಮಾಡುವವರು ಇದನ್ನು ಸದಾ ನೆನಪಿಡಬೇಕು. ಸಾಹಿತ್ಯ ಕೆಟ್ಟ ಮೇಲೆ ತಾಳ ಸರಿಯಿದ್ದು ಏನು ಬಂತು?

ಕತ್ತರಿಸಲು ಜಾಗವೇ ಇಲ್ಲದ ಕಡೆ ಸ್ಟ್ರೆಚ್ ಮಾರ್ಕರ್ ಬರುತ್ತದೆ. 'ಮಳೆಯಲಿ' ಅಂತ ಒಂದೇ ಉಸಿರಿನಲ್ಲಿ ಹರಿದುಹೋಗುವ ಪದ, ಎಲ್ಲೂ ಮೌನ ಇಲ್ಲ, 'ಯ' ಮಾತ್ರ ಬೇಗ ಬಂದಿದೆ. ಕರ್ಸರ್ ಇಟ್ಟು ಶಿಫ್ಟ್ ಜೊತೆ ಡಬ್ಲ್ಯೂ ಒತ್ತಿದರೆ ಒಂದು ಮಾರ್ಕರ್ ಬೀಳುತ್ತದೆ. ಮೂರು ಬೇಕು: ಪದ ಶುರುವಾಗುವಲ್ಲಿ ಒಂದು, ಪದ ಮುಗಿದು ಎಲ್ಲ ಸರಿಯಿರುವಲ್ಲಿ ಒಂದು, ನಡುವೆ ಜರುಗಬೇಕಾದ 'ಯ'ದಲ್ಲಿ ಒಂದು. ಆಚೀಚಿನ ಎರಡು ಮಾರ್ಕರ್ ಬೇಲಿ ಇದ್ದಂತೆ. ಅವಿಲ್ಲದೆ ನಡುವಿನದನ್ನು ಎಳೆದರೆ ಸರಿಯಿದ್ದ ಸಾಲುಗಳೂ ಎಳೆದಾಡಿಹೋಗುತ್ತವೆ. ಐಟಂ ಮೇಲೆ ಎಫ್2 ಒತ್ತಿ ಪ್ರಾಪರ್ಟೀಸ್ ತೆರೆದು, ವೇಗ ಬದಲಾದರೂ ಶ್ರುತಿ ಉಳಿಸುವ ಆಯ್ಕೆ ಟಿಕ್ ಆಗಿದೆಯಾ ನೋಡಿ, ಅಲ್ಲೇ ಸ್ಟ್ರೆಚ್ ಮಾಡುವ ಬಗೆಯನ್ನೂ ಆರಿಸಬಹುದು. ಒಂಟಿ ದನಿಗೆ ಎಲಾಸ್ಟಿಕ್ ಸೋಲೋಯಿಸ್ಟ್ ಹಾಕಿ ಕೇಳಿ, ಹಿತ ಅನ್ನಿಸದಿದ್ದರೆ ಎಲಾಸ್ಟಿಕ್ ಪ್ರೊ.

ಎಷ್ಟು ಎಳೆಯಬಹುದು? ದನಿಯಲ್ಲಿ ನೂರಕ್ಕೆ ಐದರಿಂದ ಹತ್ತರವರೆಗೆ ಸಾಮಾನ್ಯವಾಗಿ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದರೆ ಆ ಸಾಲನ್ನು ಮತ್ತೆ ಹಾಡಿಸಿ. ನಿಂತ ಸ್ವರವನ್ನು ಎಳೆಯಿರಿ, ಗಮಕ ಇರುವ ಜಾಗವನ್ನು ಎಳೆಯಬೇಡಿ. ಗಮಕದ ವೇಗ ಬದಲಾದರೆ ಕೇಳುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಕೃತಕ ಅನ್ನಿಸುತ್ತದೆ. ಉಸಿರಿನ ಸದ್ದನ್ನೂ ಎಳೆಯಬಾರದು, ಅದು ಮುಂದಿನ ಸಾಲಿನ ಜೊತೆಗೇ ಜರುಗಲಿ. ಪಿಚ್ ಸರಿ ಮಾಡುವ ಕೆಲಸ, ಕಂಪ್ರೆಸರ್, ರಿವರ್ಬ್ ಎಲ್ಲವೂ ಟೈಮಿಂಗ್ ಮುಗಿದ ಮೇಲೆ.

ಕೋರಸ್

ಕೋರಸ್ ತಬಲಾಕ್ಕೆ ಅಲ್ಲ, ಮುಖ್ಯ ಹಾಡಿಗೆ ಕೂಡಬೇಕು. ಮುಖ್ಯ ದನಿಯ ಟ್ರ್ಯಾಕನ್ನು ಮೇಲೆ ಇಟ್ಟು ಕೋರಸ್ ಟ್ರ್ಯಾಕುಗಳನ್ನು ಅದರ ಕೆಳಗೇ ಇಡಿ, ಅಲೆಗಳನ್ನು ಹೋಲಿಸುವುದು ಸುಲಭ. ತೊಂದರೆ ಜಾಸ್ತಿ ಕೊಡುವುದು 'ಪ', 'ಕ', 'ಸ' ತರಹದ ಅಕ್ಷರಗಳು. ಮೂರು ದನಿಗಳ 'ಪ' ಮೂರು ಕಡೆ ಸಿಡಿದರೆ ಪಟಪಟ ಅನ್ನುತ್ತದೆ. ಅಷ್ಟು ಅಕ್ಷರಗಳನ್ನು ಕೂಡಿಸಿ, ಉಳಿದದ್ದು ಬಿಡಿ. ಕನ್ನಡ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಸಾಲಿನ ಕೊನೆಗೆ ಎಳೆಯುವ ಕೆಲಸ ಇಲ್ಲ. ಜಾಸ್ತಿ ಉದ್ದ ಹಾಡಿದವರಿಗೆ ಒಂದು ಫೇಡ್ ಔಟ್ ಹಾಕಿದರೆ ಎಲ್ಲರೂ ಒಟ್ಟಿಗೆ ನಿಂತ ಹಾಗಾಗುತ್ತದೆ. ಕೋರಸ್ ಕೆಲಸ ಪದೇ ಪದೇ ಬರುವವರಾದರೆ ವೋಕ್‌ಅಲೈನ್ ತರಹದ ಪ್ಲಗಿನ್ ನೋಡಿ. ಒಂದು ದನಿಯನ್ನು ಮಾದರಿ ಇಟ್ಟುಕೊಂಡು ಇನ್ನೊಂದನ್ನು ಅದೇ ಕೂಡಿಸಿಕೊಡುತ್ತದೆ. ದುಡ್ಡು ಕೊಡಬೇಕು, ಆದರೆ ಗಂಟೆಗಳು ಉಳಿಯುತ್ತವೆ.

ಬೇರೆ ಸಾಫ್ಟ್‌ವೇರ್ ಇದ್ದರೆ

ಲಾಜಿಕ್‌ನಲ್ಲಿ ಇದಕ್ಕೆ ಫ್ಲೆಕ್ಸ್ ಟೈಮ್ ಅನ್ನುತ್ತಾರೆ. ಹಾಡಿಗೆ ಮೋನೋಫೋನಿಕ್, ತಬಲಾಕ್ಕೆ ಸ್ಲೈಸಿಂಗ್, ಗಿಟಾರ್‌ಗೆ ಪಾಲಿಫೋನಿಕ್ ಆರಿಸಿ. ಸ್ಲೈಸಿಂಗ್ ಸದ್ದನ್ನು ಎಳೆಯುವುದಿಲ್ಲ, ತುಂಡು ಮಾಡಿ ಜರುಗಿಸುತ್ತದೆ, ಅದಕ್ಕೇ ತಾಳವಾದ್ಯಕ್ಕೆ ಅದು ಒಳ್ಳೆಯದು. ಮ್ಯಾಕ್‌ನ ಗ್ಯಾರೇಜ್‌ಬ್ಯಾಂಡ್‌ನಲ್ಲೂ ಫ್ಲೆಕ್ಸ್ ಇದೆ. ಪ್ರೊ ಟೂಲ್ಸ್‌ನಲ್ಲಿ ಎಲಾಸ್ಟಿಕ್ ಆಡಿಯೋ, ಕ್ಯೂಬೇಸ್‌ನಲ್ಲಿ ಆಡಿಯೋವಾರ್ಪ್. ಏಬಲ್ಟನ್ ಲೈವ್ ಬಳಸುವವರು ಒಂದು ವಿಷಯ ಗಮನಿಸಿ: ಉದ್ದದ ಫೈಲ್ ಒಳಗೆ ತಂದಾಗ ಅದು ತಾನೇ ಟೆಂಪೋ ಊಹಿಸಿ ವಾರ್ಪ್ ಮಾಡುವ (ಎಳೆದು ಕೂಡಿಸುವ) ಸೆಟ್ಟಿಂಗ್ ಇದೆ. ಹಾಡಿನ ಟ್ರ್ಯಾಕ್ ತರುವ ಮೊದಲು ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ಸರಿಯಿದ್ದದ್ದೂ ಕೆಡುತ್ತದೆ. ಆಡಾಸಿಟಿಯಲ್ಲಿ 3.4 ಆವೃತ್ತಿಯಿಂದ ಬೀಟ್ ಗ್ರಿಡ್ ಮತ್ತು ಕ್ಲಿಪ್ ಎಳೆಯುವ ಅನುಕೂಲ ಬಂದಿದೆ. ಕತ್ತರಿಸಿ ಜರುಗಿಸುವ ಕೆಲಸಕ್ಕೆ ಅದು ಸಾಕು, ಉಚಿತವೂ ಹೌದು.

ಕೇಳಿ ನೋಡಿ, ಆಮೇಲೆ ಕಳಿಸಿ

ಎಲ್ಲ ಮುಗಿದ ಮೇಲೆ ಕ್ಲಿಕ್ ಮ್ಯೂಟ್ ಮಾಡಿ, ಸ್ಕ್ರೀನ್ ಆಫ್ ಮಾಡಿ, ಸಣ್ಣ ಸದ್ದಿನಲ್ಲಿ ಹಾಡನ್ನು ಶುರುವಿನಿಂದ ಕೇಳಿ. ಕಾಲು ತಾನಾಗೇ ತಾಳ ಹಾಕುತ್ತಿದೆಯಾ ನೋಡಿ. ಎಲ್ಲಿ ನಿಂತಿತೋ ಅಲ್ಲಿ ಇನ್ನೂ ಕೆಲಸ ಇದೆ. ಆಮೇಲೆ ಪಕ್ಕಕ್ಕೆ ಇಟ್ಟಿದ್ದ ಮೂಲ ಟ್ರ್ಯಾಕ್ ಅನ್‌ಮ್ಯೂಟ್ ಮಾಡಿ ಅದೇ ಭಾಗ ಕೇಳಿ. ಕೆಲವು ಕಡೆ ಮೂಲವೇ ಚೆನ್ನಾಗಿತ್ತು ಅನ್ನಿಸುತ್ತದೆ, ಅಲ್ಲಿ ಎಡಿಟ್ ತೆಗೆದು ಮೂಲವನ್ನೇ ಹಾಕಿ, ಮಾಡಿದ ಕೆಲಸ ಹೋಯಿತು ಅಂತ ಬೇಜಾರು ಬೇಡ. ಕಡೆಗೆ ಪ್ರತಿ ಟ್ರ್ಯಾಕನ್ನೂ ಸೋಲೋ ಮಾಡಿ, ಹೆಡ್‌ಫೋನ್ ಹಾಕಿ, ಕತ್ತರಿಸಿದ ಜಾಗಗಳಲ್ಲಿ 'ಟಿಕ್' ಅನ್ನುವ ಸದ್ದು ಇದೆಯಾ ಹುಡುಕಿ. ಇದ್ದರೆ ಅಲ್ಲಿ ಕ್ರಾಸ್‌ಫೇಡ್ ಬಿದ್ದಿಲ್ಲ, ಅಥವಾ ತೀರಾ ಚಿಕ್ಕದಾಗಿದೆ.

ಮಿಕ್ಸ್ ಮಾಡಲು ಬೇರೆಯವರಿಗೆ ಕೊಡುವುದಾದರೆ ಪ್ರಾಜೆಕ್ಟನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಆ ಕಾಪಿಯಲ್ಲಿ ಪ್ರತಿ ಟ್ರ್ಯಾಕ್‌ನ ತುಂಡುಗಳನ್ನೆಲ್ಲ ಗ್ಲೂ ಮಾಡಿ ಒಂದೇ ಫೈಲ್ ಮಾಡಿ. ಎಲ್ಲ ಟ್ರ್ಯಾಕುಗಳೂ ಸೊನ್ನೆಯಿಂದಲೇ ಶುರುವಾಗಲಿ, ಹಾಡುವವರು ಒಂದು ನಿಮಿಷ ಆದ ಮೇಲೆ ಬಂದರೂ ಅವರ ಫೈಲ್‌ನಲ್ಲಿ ಆ ಒಂದು ನಿಮಿಷದ ಮೌನ ಇರಲಿ. 24 ಬಿಟ್ ವೇವ್, ರೆಕಾರ್ಡ್ ಮಾಡಿದ ಸ್ಯಾಂಪಲ್ ರೇಟ್‌ನಲ್ಲೇ. ಜೊತೆಗೆ ಬಿಪಿಎಂ ಎಷ್ಟು ಅಂತ ಫೋಲ್ಡರ್ ಹೆಸರಿನಲ್ಲೇ ಬರೆಯಿರಿ. ಟೆಂಪೋ ಮಾರ್ಕರ್ ಹಾಕಿ ಗ್ರಿಡ್ ಬದಲಿಸಿದ್ದರೆ ಆ ಟೆಂಪೋ ಮ್ಯಾಪನ್ನು ಮಿಡಿ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ಅದನ್ನೂ ಅದೇ ಫೋಲ್ಡರ್‌ಗೆ ಹಾಕಿ ಕಳಿಸಿ.